ಯಾಕೆ ಎಂಬ ಎರಡನೆಯ ಸಾಲು

2024ರ ಸೆಪ್ಟೆಂಬರಿನ ಒಂದು ಸೋಮವಾರ ಬೆಳಿಗ್ಗೆ ನಾನು ಇಳಿಯಬೇಕಾದ ನಿಲ್ದಾಣದಲ್ಲಿ ಬಸ್ಸು ನಿಂತಿತು. ದಿನವೂ ನನ್ನ ಜೊತೆ ಇಳಿಯುವ ಇಬ್ಬರು ನರ್ಸುಗಳು ಇಳಿದರು, ಬಾಗಿಲು ಮುಚ್ಚಿಕೊಂಡಿತು, ನಾನು ಮಾತ್ರ ಕುಳಿತಲ್ಲಿಯೇ ಕುಳಿತಿದ್ದೆ. ನಿದ್ದೆ ಬಂದಿರಲಿಲ್ಲ, ಮೈಮರೆತೂ ಇರಲಿಲ್ಲ. ಏಳಬೇಕೆಂದು ಚೆನ್ನಾಗಿ ಗೊತ್ತಿತ್ತು, ಆದರೆ ಕಾಲು ಏಳಲಿಲ್ಲ. ಕೈಯಲ್ಲಿದ್ದ ಶೂನ್ಯ ಮೊತ್ತದ ಟಿಕೆಟ್ಟನ್ನು ಹನುಮಂತನಗರದಿಂದಲೂ ಮಡಚುತ್ತ ಬಂದವಳು ಅದನ್ನು ಅವರೆಕಾಳಿನಷ್ಟು ಚಿಕ್ಕ ಉಂಡೆ ಮಾಡಿಬಿಟ್ಟಿದ್ದೆ. "ಮೇಡಂ, ನಿಮ್ ಸ್ಟಾಪ್ ಹೋಯ್ತಲ್ಲ?" ಎಂದು ಕಂಡಕ್ಟರ್ ಕೇಳಿದಾಗ ಅಳು ಬಂತು. ಮುಂದಿನ ನಿಲ್ದಾಣದಲ್ಲಿ ಇಳಿದು ವಾಪಸ್ಸು ನಡೆದು ಬಂದು, ಇಪ್ಪತ್ತು ನಿಮಿಷ ತಡವಾಗಿ ನನ್ನ ಕುರ್ಚಿಯಲ್ಲಿ ಕುಳಿತೆ.

ನಾನು ದಕ್ಷಿಣ ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯ ವಿಮಾ ವಿಭಾಗದಲ್ಲಿ ಹನ್ನೊಂದು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಆಸ್ಪತ್ರೆಯ ಭಾಷೆಯಲ್ಲಿ ಅದನ್ನು ಟಿಪಿಎ ಡೆಸ್ಕ್ ಎನ್ನುತ್ತಾರೆ. ಕ್ಯಾಷ್‌ಲೆಸ್, ಅಂದರೆ ಬಿಲ್ಲನ್ನು ಕಂಪನಿಯೇ ನೇರವಾಗಿ ಆಸ್ಪತ್ರೆಗೆ ಕಟ್ಟುವ, ವಿಮೆ ಇರುವ ರೋಗಿ ದಾಖಲಾದಾಗ ವಿಮಾ ಕಂಪನಿಗೆ ಅರ್ಜಿ ಕಳುಹಿಸುವುದು, ಅವರು ಕೇಳುವ ಪ್ರಶ್ನೆಗಳಿಗೆ, ಅಂದರೆ ಕ್ವೆರಿಗಳಿಗೆ, ವೈದ್ಯರಿಂದ ಉತ್ತರ ಪಡೆದು ಕೊಡುವುದು, ಬಿಡುಗಡೆಯ ದಿನ ಅಂತಿಮ ಬಿಲ್ಲಿಗೆ ಅಪ್ರೂವಲ್ ತರಿಸುವುದು, ಯಾವುದಕ್ಕೆ ವಿಮೆ ಹಣ ಕೊಡುವುದಿಲ್ಲ ಎಂಬುದನ್ನು ರೋಗಿಯ ಮನೆಯವರಿಗೆ ತಿಳಿಸುವುದು ನಮ್ಮ ಕೆಲಸ. ಈ ಕೊನೆಯದನ್ನು ಹೇಳುವಾಗ ಎದುರಿಗಿರುವವರ ಮುಖವನ್ನು ದಿನಕ್ಕೆ ಹತ್ತಾರು ಸಲ ನೋಡಬೇಕಾಗುತ್ತದೆ. ಆ ವರ್ಷದ ಮೇ 29ರಂದು ವಿಮಾ ನಿಯಂತ್ರಣ ಪ್ರಾಧಿಕಾರವು ಹೊರಡಿಸಿದ ಸುತ್ತೋಲೆಯ ಪ್ರಕಾರ, ಕ್ಯಾಷ್‌ಲೆಸ್ ಅರ್ಜಿಯನ್ನು ಕಂಪನಿಗಳು ಒಂದು ಗಂಟೆಯೊಳಗೆ ತೀರ್ಮಾನಿಸಬೇಕು, ಆಸ್ಪತ್ರೆಯಿಂದ ಬಿಡುಗಡೆಯ ಕೋರಿಕೆ ಬಂದ ಮೂರು ಗಂಟೆಯೊಳಗೆ ಅಂತಿಮ ಒಪ್ಪಿಗೆ ಕೊಡಬೇಕು. ಜನರಿಗೆ ಇದು ನಿಜಕ್ಕೂ ಒಳ್ಳೆಯ ನಿಯಮ. ಆದರೆ ಬೆಳಿಗ್ಗೆ ಒಂಬತ್ತಕ್ಕೆ ರೌಂಡ್ಸಿಗೆ ಬಂದ ವೈದ್ಯರು "ಇವತ್ತು ಮನೆಗೆ ಹೋಗಬಹುದು" ಎಂದ ಗಳಿಗೆಯಿಂದ ಮನೆಯವರು ಗಡಿಯಾರ ನೋಡತೊಡಗುತ್ತಾರೆ. ಡಿಸ್ಚಾರ್ಜ್ ಸಮ್ಮರಿ ಟೈಪಾಗಿ, ಔಷಧಿ ಅಂಗಡಿಯ ವಾಪಸಾತಿ ಮುಗಿದು, ಬಿಲ್ಲು ಅಂತಿಮವಾಗಿ ನಮ್ಮ ಕೋರಿಕೆ ಹೊರಡುವ ಹೊತ್ತಿಗೆ ಮಧ್ಯಾಹ್ನ ಎರಡಾಗಿರುತ್ತದೆ. ಕಂಪನಿಯ ಮೂರು ಗಂಟೆ ಆಮೇಲೆ ಶುರುವಾಗುತ್ತದೆ. ನಡುವಿನ ಆ ಐದು ಗಂಟೆಯ ಸಿಟ್ಟೆಲ್ಲ ನಮ್ಮ ಗಾಜಿನ ಕಿಟಕಿಗೆ ಬಂದು ಬಡಿಯುತ್ತದೆ. ನಾಲ್ವರು ಮಾಡಬೇಕಾದ ಕೆಲಸಕ್ಕೆ ಆಗ ನಾವು ಇಬ್ಬರೇ ಇದ್ದೆವು.

ಬಸ್ಸಿನ ಘಟನೆಗೆ ಮೊದಲೇ ದೇಹ ಸೂಚನೆ ಕೊಟ್ಟಿತ್ತು. ಬೆಳಗಿನ ಜಾವ ಮೂರಕ್ಕೆ ಎಚ್ಚರವಾಗಿ ಯಾವುದೋ ಫೈಲಿನ ಸಂಖ್ಯೆ ನೆನಪಾಗುತ್ತಿತ್ತು. ಮನೆಯ ಫೋನು ರಿಂಗಾದರೂ ಎದೆ ಹೊಡೆದುಕೊಳ್ಳುತ್ತಿತ್ತು. ಮಗ ಕೇಳಿದ ಸಣ್ಣ ಪ್ರಶ್ನೆಗೂ, ಕಿಟಕಿಯಲ್ಲಿ ಮಾತನಾಡುವ ಒಣ ದನಿಯಲ್ಲೇ ಉತ್ತರಿಸುತ್ತಿದ್ದೆ. ಆ ಸೋಮವಾರ ರಾತ್ರಿ ಅತ್ತೆಯವರು ತಟ್ಟೆಯ ಮುಂದೆ ಸುಮ್ಮನೆ ಕುಳಿತಿದ್ದ ನನ್ನನ್ನು ನೋಡಿ, "ಯಾಕಮ್ಮ, ಹೀಗೆ ಕರಗಿ ಹೋಗ್ತಿದ್ದೀಯ?" ಎಂದು ಕೇಳಿದರು. ಆ ರಾತ್ರಿಯೇ 14416 ಸಂಖ್ಯೆಗೆ ಕರೆ ಮಾಡಿದೆ. ಅದು 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ. ಹಗಲು ರಾತ್ರಿ ಉಚಿತವಾಗಿ ದೊರೆಯುತ್ತದೆ, ಕನ್ನಡದಲ್ಲಿಯೂ ಮಾತನಾಡಬಹುದು. ನಮ್ಮ ಊರಿನ ನಿಮ್ಹಾನ್ಸ್ ಅದರ ಕೇಂದ್ರ ಸಂಸ್ಥೆ. ಆಚೆ ಬದಿಯ ಹೆಣ್ಣುಮಗಳು ನನ್ನನ್ನು ಮಾತಿನ ನಡುವೆ ಒಮ್ಮೆಯೂ ತಡೆಯಲಿಲ್ಲ. ಮೊದಲು ಥೈರಾಯ್ಡು, ರಕ್ತದೊತ್ತಡ, ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿಕೊಳ್ಳಲು, ಆಮೇಲೆ ಆಪ್ತಸಮಾಲೋಚಕರೊಬ್ಬರನ್ನು ಮುಖತಃ ಕಾಣಲು ಹೇಳಿದರು. ಆಸ್ಪತ್ರೆಯಲ್ಲೇ ಕೆಲಸ ಮಾಡುವ ನನಗೆ ನನ್ನದೇ ರಕ್ತ ಪರೀಕ್ಷೆ ಮಾಡಿಸಿಕೊಳ್ಳಬೇಕೆಂದು ಹೊಳೆದಿರಲಿಲ್ಲ. ಹಿಮೋಗ್ಲೋಬಿನ್ ಕಡಿಮೆ ಇತ್ತು, ಅದಕ್ಕೆ ಮಾತ್ರೆ ಶುರುವಾಯಿತು. ಉಳಿದದ್ದೆಲ್ಲ ಸರಿಯಾಗಿತ್ತು.

ಜಯನಗರದಲ್ಲಿ ನಾನು ಕಂಡ ಆಪ್ತಸಮಾಲೋಚಕಿ ಮೊದಲ ದಿನ ಹತ್ತು ಪ್ರಶ್ನೆಗಳ ಹಾಳೆಯೊಂದನ್ನು ಕೊಟ್ಟರು. ಶೆಲ್ಡನ್ ಕೋಹೆನ್ ಮತ್ತು ಸಂಗಡಿಗರು 1983ರಲ್ಲಿ ಪ್ರಕಟಿಸಿದ ಒತ್ತಡ ಮಾಪನದಿಂದ ಬಂದ ಹಾಳೆ ಅದು. ಕಳೆದ ಒಂದು ತಿಂಗಳಲ್ಲಿ ಇಂಥಿಂಥ ಭಾವನೆ ಎಷ್ಟು ಸಲ ಬಂತು ಎಂದು ಕೇಳುತ್ತದೆ. ಪ್ರತಿಯೊಂದಕ್ಕೂ ಸೊನ್ನೆಯಿಂದ ನಾಲ್ಕರವರೆಗೆ ಅಂಕ, ಒಟ್ಟು 40. ನನಗೆ 29 ಬಂತು. ರೋಗ ನಿರ್ಣಯಕ್ಕೆ ಈ ಅಂಕವನ್ನು ಬಳಸುವುದಿಲ್ಲವೆಂದೂ ಮುಂದೆ ನನ್ನನ್ನು ನನ್ನೊಡನೆಯೇ ಹೋಲಿಸಿ ನೋಡಲು ಮಾತ್ರವೆಂದೂ ಅವರು ಸ್ಪಷ್ಟವಾಗಿ ಹೇಳಿದರು. ಆಮೇಲೆ ಒಂದು ಪ್ರಶ್ನೆಯ ಮೇಲೆ ಬೆರಳಿಟ್ಟರು. ಬದುಕಿನ ಮುಖ್ಯವಾದ ಸಂಗತಿಗಳು ನನ್ನ ಹತೋಟಿಯಲ್ಲಿಲ್ಲ ಎಂದು ಎಷ್ಟು ಸಲ ಅನ್ನಿಸಿದೆ ಎಂಬ ಪ್ರಶ್ನೆ ಅದು. ನಾನು ಯೋಚಿಸದೆ ನಾಲ್ಕಕ್ಕೆ ಗುರುತು ಹಾಕಿದ್ದೆ. "ಈ ನಾಲ್ಕರ ಮೇಲೆ ನಾವಿಬ್ಬರೂ ಕೆಲಸ ಮಾಡೋಣ" ಎಂದರು. ಮುಂದಿನ ಆರು ತಿಂಗಳ ಹಾದಿಯೆಲ್ಲ ಆ ಒಂದು ಅಂಕದ ಸುತ್ತಲೇ ನಡೆಯಿತು.

ಸಕಾರಾತ್ಮಕ ಮನೋವಿಜ್ಞಾನ ಎಂಬ ಹೆಸರು ಅವರ ಬಾಯಿಂದ ಬಂದಾಗ ನನಗೆ ಸ್ವಲ್ಪ ಬೇಸರವೇ ಆಯಿತು. ಒಳ್ಳೆಯದನ್ನೇ ಯೋಚಿಸಿ, ಎಲ್ಲ ಸರಿಹೋಗುತ್ತದೆ ಎಂಬ ಬೆಳಗಿನ ವಾಟ್ಸ್ಆ್ಯಪ್ ಸಂದೇಶಗಳ ಮುಂದುವರಿಕೆ ಇದು ಎಂದುಕೊಂಡೆ. ಅವರು ವಿವರಿಸಿದ್ದು ಬೇರೆಯೇ ಆಗಿತ್ತು. 1998ರಲ್ಲಿ ಅಮೆರಿಕದ ಮನೋವಿಜ್ಞಾನ ಸಂಘದ ಅಧ್ಯಕ್ಷರಾಗಿದ್ದ ಮಾರ್ಟಿನ್ ಸೆಲಿಗ್‌ಮನ್, ಮನಸ್ಸಿನ ಕಾಯಿಲೆಗಳನ್ನು ಅಧ್ಯಯನ ಮಾಡಿದಷ್ಟೇ ಶ್ರದ್ಧೆಯಿಂದ ಮನುಷ್ಯರು ಚೆನ್ನಾಗಿ ಬಾಳುವುದು ಹೇಗೆಂಬುದನ್ನೂ ಪ್ರಯೋಗಗಳ ಮೂಲಕ ಅಧ್ಯಯನ ಮಾಡಬೇಕೆಂದು ಒತ್ತಾಯಿಸಿದರು. ಅಲ್ಲಿಂದ ಈ ಶಾಖೆ ಬೆಳೆಯಿತು. ಕಷ್ಟ ಇಲ್ಲವೆಂದು ನಟಿಸಲು ಅದು ಹೇಳುವುದಿಲ್ಲ. ಕಷ್ಟ ಬಂದಾಗ ಬಾಗಿ ಮತ್ತೆ ಪುಟಿದೇಳುವ ಶಕ್ತಿ ಯಾವ ಅಭ್ಯಾಸಗಳಿಂದ ಬರುತ್ತದೆ ಎಂದು ಹುಡುಕುತ್ತದೆ. ಅವರು ನನಗೆ ಕೊಟ್ಟ ಮೊದಲ ಅಭ್ಯಾಸ ತೀರ ಸರಳವಾಗಿತ್ತು. ಒಂದು ವಾರ, ಪ್ರತಿ ರಾತ್ರಿ ಮಲಗುವ ಮೊದಲು, ಆ ದಿನ ಚೆನ್ನಾಗಿ ನಡೆದ ಮೂರು ಸಂಗತಿಗಳನ್ನು ಕೈಯಲ್ಲಿ ಬರೆಯಬೇಕು.

ಮಗನ ಹಳೆಯ ಗೆರೆ ಪುಸ್ತಕವೊಂದರಲ್ಲಿ ಬರೆಯತೊಡಗಿದೆ. ಮೊದಲ ರಾತ್ರಿಯದು ಇಂದಿಗೂ ಅದರಲ್ಲಿದೆ: "ಬಸ್ಸಿನಲ್ಲಿ ಸೀಟು ಸಿಕ್ಕಿತು. ಮಳೆ ನಿಂತಿತು. ಸಾರು ಚೆನ್ನಾಗಿತ್ತು." ಏಳು ದಿನವೂ ಹೆಚ್ಚು ಕಡಿಮೆ ಇದನ್ನೇ ತಿರುಗಿಸಿ ಮುರುಗಿಸಿ ಬರೆದು ತೆಗೆದುಕೊಂಡು ಹೋದೆ. ಅವರು ಓದಿ, "ಎರಡನೆಯ ಸಾಲು ಎಲ್ಲಿ?" ಎಂದು ಕೇಳಿದರು. ಪ್ರತಿಯೊಂದರ ಕೆಳಗೆ ಅದು ಯಾಕೆ ನಡೆಯಿತು ಎಂದು ಬರೆಯಬೇಕೆಂದು ಮೊದಲೇ ಹೇಳಿದ್ದರು. ನಾನು ಅದನ್ನು ಬಿಟ್ಟುಬಿಟ್ಟಿದ್ದೆ. ಸೀಟು ಸಿಕ್ಕಿದ್ದಕ್ಕೆ ಏನು ಕಾರಣವಿರುತ್ತದೆ ಎಂದು ವಾದಿಸಿದೆ. ಅವರು ಬಿಡಲಿಲ್ಲ. ಕೊನೆಗೆ ಅವರ ಎದುರಿನಲ್ಲೇ ಯೋಚಿಸಿ ಬರೆದೆ. ಸೀಟು ಸಿಕ್ಕಿದ್ದು ಏಳೂಮುಕ್ಕಾಲರ ಬಸ್ಸಿನ ಬದಲು ಏಳೂವರೆಯ ಬಸ್ಸು ಹಿಡಿದಿದ್ದರಿಂದ. ಏಳೂವರೆಯದು ಹಿಡಿಯಲಾದದ್ದು ಅತ್ತೆಯವರು ನನಗಿಂತ ಮೊದಲೇ ಎದ್ದು ಡಬ್ಬಿ ಕಟ್ಟಿಟ್ಟಿದ್ದರಿಂದ. ಅವರು ಎದ್ದದ್ದು ಹಿಂದಿನ ರಾತ್ರಿ, ಎಷ್ಟೋ ತಿಂಗಳ ಮೇಲೆ, ನನಗೆ ಕಷ್ಟವಾಗುತ್ತಿದೆ ಎಂದು ನಾನು ಬಾಯಿ ಬಿಟ್ಟು ಹೇಳಿದ್ದರಿಂದ. ಅಷ್ಟು ಬರೆದು ಪೆನ್ನು ಕೆಳಗಿಟ್ಟೆ. ತಾನಾಗಿ ಒದಗಿಬಂದದ್ದು ಎಂದುಕೊಂಡಿದ್ದ ಒಂದು ಸೀಟಿನ ಹಿಂದೆ ನನ್ನದೊಂದು ಮಾತೂ ಮನೆಯವರೊಬ್ಬರ ಕೈಯೂ ಇದ್ದವು.

ಆ ವಾರದಿಂದ ಎರಡನೆಯ ಸಾಲೇ ನನಗೆ ಮುಖ್ಯವಾಯಿತು. ಈ ಅಭ್ಯಾಸವನ್ನು ಸೆಲಿಗ್‌ಮನ್ ಮತ್ತು ಮೂವರು ಸಂಶೋಧಕರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇತರ ಅಭ್ಯಾಸಗಳ ಜೊತೆಗೆ ಪರೀಕ್ಷಿಸಿದ್ದರು. ಯಾರಿಗಾದರೂ ಕೃತಜ್ಞತೆಯ ಪತ್ರ ಬರೆದು ಅವರ ಮುಂದೆ ಓದುವ ಅಭ್ಯಾಸ ತಕ್ಷಣ ಹೆಚ್ಚು ಸಂತೋಷ ತಂದರೂ ಅದರ ಪರಿಣಾಮ ಒಂದು ತಿಂಗಳ ಆಚೆ ಉಳಿಯಲಿಲ್ಲ. ಮೂರು ಸಂಗತಿಗಳನ್ನು ಕಾರಣಸಹಿತ ಬರೆದವರಲ್ಲಿ ಮಾತ್ರ ಬದಲಾವಣೆ ಆರು ತಿಂಗಳವರೆಗೂ ಕಂಡಿತು, ತಮ್ಮ ಗುಣಬಲಗಳನ್ನು ಹೊಸ ರೀತಿಯಲ್ಲಿ ಬಳಸಿದವರಲ್ಲಿಯೂ ಹಾಗೆಯೇ. ಆದರೆ 2012ರಲ್ಲಿ ಕೆನಡಾದ ಸಂಶೋಧಕರು ಇದನ್ನು ಮತ್ತೆ ಮಾಡಿ ನೋಡಿದಾಗ ಸಂತೋಷ ಹೆಚ್ಚಿತಾದರೂ ಬಾಲ್ಯದ ಒಳ್ಳೆಯ ನೆನಪುಗಳನ್ನು ಬರೆದವರಿಗಿಂತ ಅದು ಹೆಚ್ಚೇನೂ ಇರಲಿಲ್ಲ. ಇದನ್ನೂ ಆಪ್ತಸಮಾಲೋಚಕಿಯೇ ಹೇಳಿದರು. ಮಾರಲು ಬಂದವರು ಹೀಗೆ ಹೇಳುವುದಿಲ್ಲ ಎಂದು ನನಗೆ ಅವರ ಮೇಲೆ ನಂಬಿಕೆ ಹುಟ್ಟಿದ್ದು ಆಗಲೇ. ನನ್ನ ಮಟ್ಟಿಗೆ ಹೇಳುವುದಾದರೆ, ದಿನವೂ ಬರೆದದ್ದು ಐದನೆಯ ವಾರಕ್ಕೆ ಬಾಯಿಪಾಠದಂತಾಗಿಬಿಟ್ಟಿತು. ಆಮೇಲೆ ಭಾನುವಾರ ಸಂಜೆ ಒಮ್ಮೆ ಮಾತ್ರ, ಆದರೆ ನಿಧಾನವಾಗಿ, ಬರೆಯುವಂತೆ ಅವರೇ ಬದಲಾಯಿಸಿದರು.

ಅಕ್ಟೋಬರಿನ ಕೊನೆಯಲ್ಲಿ ನಡೆದ ಘಟನೆಯೊಂದನ್ನು ಇಲ್ಲಿ ವಿವರವಾಗಿ ಹೇಳಬೇಕು. ಮಧ್ಯಾಹ್ನ ನಾಲ್ಕರ ಹೊತ್ತು. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡ ವೃದ್ಧರೊಬ್ಬರ ಮಗ, ಇಪ್ಪತ್ತೈದರ ಆಸುಪಾಸಿನ ಹುಡುಗ, ಆರನೆಯ ಸಲ ಕಿಟಕಿಗೆ ಬಂದ. "ಬೆಳಿಗ್ಗೆ ಒಂಬತ್ತಕ್ಕೆ ಡಾಕ್ಟ್ರು ಹೋಗ್ಬೋದು ಅಂದ್ರು. ಈಗ ನಾಲ್ಕಾಯ್ತು. ಮೂರು ಗಂಟೆ ಅಂತ ಕಾನೂನೇ ಇದೆ. ನಮ್ಮಪ್ಪಂಗೆ ಶುಗರ್ ಇದೆ, ಹೊತ್ತೊತ್ತಿಗೆ ಊಟ ಆಗ್ಬೇಕು. ನಿಮಗೇನ್ರೀ, ತಿಂಗಳಾದ್ರೆ ಸಂಬಳ ಬರತ್ತೆ!" ಎಂದು ಕೌಂಟರನ್ನು ಅಂಗೈಯಿಂದ ಗುದ್ದಿದ. ಪೆನ್ನಿನ ಡಬ್ಬಿ ಉರುಳಿ ಪೆನ್ನುಗಳೆಲ್ಲ ನೆಲಕ್ಕೆ ಬಿದ್ದವು. ನಾನು ಬಗ್ಗಿ ಅವುಗಳನ್ನು ಒಂದೊಂದಾಗಿ ಆರಿಸುತ್ತ ಕುಳಿತೆ, ಏಕೆಂದರೆ ಎದ್ದು ಅವನ ಮುಖ ನೋಡಲು ಧೈರ್ಯವಿರಲಿಲ್ಲ. ಕಂಪನಿ ಕೇಳಿದ್ದು ಒಂದೇ ಪ್ರಶ್ನೆ: ರೋಗಿಗೆ ಸಕ್ಕರೆ ಕಾಯಿಲೆ ಎಷ್ಟು ವರ್ಷಗಳಿಂದ ಇದೆ? ಸಮ್ಮರಿಯಲ್ಲಿ ಸಕ್ಕರೆ ಕಾಯಿಲೆ ಇದೆ ಎಂದಷ್ಟೇ ಇತ್ತು, ವರ್ಷ ಇರಲಿಲ್ಲ. ಅದನ್ನು ಬರೆದು ಸಹಿ ಮಾಡಿಕೊಡಬೇಕಾದ ವೈದ್ಯರು ಆಪರೇಷನ್ ಥಿಯೇಟರಿನಲ್ಲಿದ್ದರು. ಅಪ್ರೂವಲ್ ಬಂದಾಗ ಏಳು ಗಂಟೆ. ನಾನು ಊಟದ ಡಬ್ಬಿ ತೆರೆಯದೆ ಮನೆಗೆ ಹೋದೆ.

ಆ ವಾರದ ಭೇಟಿಯಲ್ಲಿ ಆಪ್ತಸಮಾಲೋಚಕಿ ಆ ಘಟನೆಯನ್ನು ಮೂರು ಭಾಗ ಮಾಡಿ ಬರೆಸಿದರು. ಏನು ನಡೆಯಿತು, ನಾನು ಅದಕ್ಕೆ ಕೊಟ್ಟ ಅರ್ಥವೇನು, ಅದರಿಂದ ನನಗೆ ಏನಾಯಿತು. ಆಲ್ಬರ್ಟ್ ಎಲಿಸ್ ಎಂಬ ಮನೋವಿಜ್ಞಾನಿ ರೂಪಿಸಿದ ಈ ಕ್ರಮವನ್ನು ಸೆಲಿಗ್‌ಮನ್ ಅವರ ತಂಡ ಪೆನ್ಸಿಲ್ವೇನಿಯಾದಲ್ಲಿ ಶಾಲಾ ಮಕ್ಕಳಿಗೆ ಕಲಿಸುವ ತರಬೇತಿಯಲ್ಲಿಯೂ ಅಳವಡಿಸಿಕೊಂಡಿದೆ. ನಡುವಿನ ಭಾಗದಲ್ಲಿ ನಾನು ಬರೆದದ್ದು ಎರಡು ವಾಕ್ಯ: "ತಪ್ಪೆಲ್ಲ ನನ್ನದೇ ಎಂದು ಅವನು ತಿಳಿದಿದ್ದಾನೆ. ನನ್ನ ಕೈಯಲ್ಲಿ ಏನೂ ಇಲ್ಲ." ಮೊದಲ ವಾಕ್ಯ ಬೇಗ ಕರಗಿತು. ಅಪ್ಪನಿಗೆ ಸಕ್ಕರೆ ಇಳಿದರೇನು ಗತಿ ಎಂದು ಹೆದರಿದ್ದ ಹುಡುಗ ಅವನು. ಹೆದರಿಕೆಯನ್ನು ಎಲ್ಲಿ ಇಳಿಸಬೇಕೆಂದು ತಿಳಿಯದೆ ಮೊದಲು ಸಿಕ್ಕ ಕಿಟಕಿಯಲ್ಲಿ ಇಳಿಸಿದ. ಎರಡನೆಯದರ ಬಳಿ ಅವರು ನಿಂತರು. "ಏನೂ ಅಂದರೆ ಒಂದೂ ಇಲ್ಲವೇ? ಸಕ್ಕರೆ ಕಾಯಿಲೆ ಎಷ್ಟು ವರ್ಷದಿಂದ ಅಂತ ಆ ಹುಡುಗನಿಗೆ ಗೊತ್ತಿತ್ತೇ?" ಗೊತ್ತಿತ್ತು, ಹನ್ನೆರಡು ವರ್ಷ. ದಾಖಲಾದ ದಿನವೇ ಕೇಳಿದ್ದರೆ ಅವತ್ತೇ ಹೇಳುತ್ತಿದ್ದ. ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಅಂದೇ ಅವರು ಒಂದು ಹಳೆಯ ಪ್ರಯೋಗದ ಕಥೆ ಹೇಳಿದರು. 1967ರಲ್ಲಿ ಯುವಕರಾಗಿದ್ದ ಸೆಲಿಗ್‌ಮನ್ ಮತ್ತು ಸ್ಟೀವನ್ ಮಾಯರ್ ನಾಯಿಗಳ ಮೇಲೆ ಮಾಡಿದ ಪ್ರಯೋಗ ಅದು, ಕೇಳಲು ಹಿಂಸೆಯಾಗುತ್ತದೆ. ಕೆಲವು ನಾಯಿಗಳು ತಲೆಯಿಂದ ಹಲಗೆಯೊಂದನ್ನು ಒತ್ತಿ ವಿದ್ಯುತ್ ಆಘಾತವನ್ನು ನಿಲ್ಲಿಸಬಹುದಿತ್ತು. ಇನ್ನು ಕೆಲವಕ್ಕೆ ಅಷ್ಟೇ ಆಘಾತ, ಆದರೆ ನಿಲ್ಲಿಸುವ ದಾರಿ ಇರಲಿಲ್ಲ. ಆಮೇಲೆ ಸುಲಭವಾಗಿ ಹಾರಿ ಪಾರಾಗಬಹುದಾದ ಗಿಡ್ಡ ತಡೆಯಿರುವ ಪೆಟ್ಟಿಗೆಯಲ್ಲಿ ಬಿಟ್ಟಾಗ ಮೊದಲಿನವು ಹಾರಿದವು, ಎರಡನೆಯ ಗುಂಪಿನ ಬಹಳಷ್ಟು ನಾಯಿಗಳು ಮುದುಡಿ ಮಲಗಿದವು. ಇದಕ್ಕೆ ಕಲಿತ ಅಸಹಾಯಕತೆ ಎಂದು ಹೆಸರಾಯಿತು. ಆದರೆ ಸುಮಾರು ಐವತ್ತು ವರ್ಷಗಳ ನಂತರ, 2016ರಲ್ಲಿ, ಅದೇ ಇಬ್ಬರು ಮಿದುಳಿನ ಅಧ್ಯಯನಗಳ ಆಧಾರದ ಮೇಲೆ ತಮ್ಮ ಮಾತನ್ನು ತಾವೇ ತಿದ್ದಿಕೊಂಡರು. ದೀರ್ಘಕಾಲದ ಹಿಂಸೆಯ ಎದುರು ಮುದುಡುವುದನ್ನು ಯಾರೂ ಕಲಿಯಬೇಕಿಲ್ಲ, ಅದು ಹುಟ್ಟಿನಿಂದಲೇ ಇರುವ ಪ್ರತಿಕ್ರಿಯೆ. ಇಲ್ಲಿ ನನ್ನ ಕೈ ನಡೆಯುತ್ತದೆ ಎಂಬುದನ್ನು ಮಿದುಳಿನ ಮುಂಭಾಗ ಗುರುತಿಸಲು ಕಲಿತಾಗ ಅದು ಒಳಗಿನ ಆ ಮುದುಡುವಿಕೆಗೆ ತಡೆ ಹಾಕುತ್ತದೆ. ಇದನ್ನು ಕೇಳಿ ನನಗೆ ಎಷ್ಟು ಹಗುರವಾಯಿತೆಂದು ಹೇಳಲಾರೆ. ಬಸ್ಸಿನಲ್ಲಿ ಏಳದೆ ಕುಳಿತದ್ದು ನನ್ನ ದೌರ್ಬಲ್ಯವೆಂದು ಎರಡು ತಿಂಗಳಿಂದ ಒಳಗೊಳಗೇ ನಾಚುತ್ತಿದ್ದೆ. ನನ್ನ ಪುಸ್ತಕದ ಎರಡನೆಯ ಸಾಲು ಏನು ಮಾಡುತ್ತಿತ್ತು ಎಂಬುದೂ ಆಗ ಅರ್ಥವಾಯಿತು. ಎಲ್ಲೆಲ್ಲಿ ನನ್ನ ಕೈ ನಡೆದಿದೆ ಎಂಬುದನ್ನು ಅದು ದಿನವೂ ನನಗೇ ತೋರಿಸುತ್ತಿತ್ತು.

ನವೆಂಬರಿನಲ್ಲಿ ಪುಸ್ತಕದ ಹಿಂಬದಿಯಿಂದ ಇನ್ನೊಂದು ಲೆಕ್ಕ ಶುರು ಮಾಡಿದೆ. ಆರು ವಾರ, ಬಂದ ಪ್ರತಿಯೊಂದು ಕ್ವೆರಿಯ ಕಾರಣವನ್ನು ಒಂದೊಂದು ಗೆರೆಯಲ್ಲಿ ಗುರುತು ಹಾಕಿಕೊಂಡೆ. ಕಾರಣಗಳು ನೂರಾರು ಇರುತ್ತವೆ ಎಂದು ಹನ್ನೊಂದು ವರ್ಷಗಳಿಂದ ನಂಬಿದ್ದೆ. ಲೆಕ್ಕ ಹಾಕಿದಾಗ ಅರ್ಧಕ್ಕಿಂತ ಹೆಚ್ಚು ಪ್ರಶ್ನೆಗಳು ಎರಡೇ ಜಾಗದಿಂದ ಬರುತ್ತಿದ್ದವು. ಒಂದು, ಸಕ್ಕರೆ ಕಾಯಿಲೆ, ರಕ್ತದೊತ್ತಡದಂಥ ಹಳೆಯ ಕಾಯಿಲೆ ಎಷ್ಟು ವರ್ಷದಿಂದ ಇದೆ ಎಂದು ಬರೆಯದಿರುವುದು. ಇನ್ನೊಂದು, ಸ್ಟೆಂಟು, ಮಂಡಿಚಿಪ್ಪು, ಕಣ್ಣಿನ ಲೆನ್ಸು ಮುಂತಾದವುಗಳ ಬಿಲ್ಲು ಮತ್ತು ಡಬ್ಬಿಯ ಮೇಲಿನ ಸ್ಟಿಕ್ಕರು ಫೈಲಿನಲ್ಲಿ ಇಲ್ಲದಿರುವುದು. ಸ್ಟಿಕ್ಕರು ಬಹಳ ಸಲ ಆಪರೇಷನ್ ಥಿಯೇಟರಿನ ರಿಜಿಸ್ಟರಿನಲ್ಲೇ ಅಂಟಿಕೊಂಡು ಉಳಿದಿರುತ್ತಿತ್ತು. ಇವೆರಡೂ ರೋಗಿ ದಾಖಲಾದ ದಿನ ಅಥವಾ ಆಪರೇಷನ್ ಆದ ದಿನವೇ ಸರಿಮಾಡಬಹುದಾದ ಕೆಲಸಗಳು.

ಅರ್ಧ ಹಾಳೆಯಷ್ಟು ಒಂದು ಚೀಟಿ ಮಾಡಿದೆ. ಹಳೆಯ ಕಾಯಿಲೆ, ಎಷ್ಟು ವರ್ಷದಿಂದ, ಮೊದಲು ತೋರಿಸಿದ ವೈದ್ಯರ ಚೀಟಿ ಇದೆಯೇ ಎಂಬ ಮೂರು ಪ್ರಶ್ನೆ ಕನ್ನಡದಲ್ಲಿ. ಕೆಳಗೆ ಸ್ಟಿಕ್ಕರಿಗೊಂದು ಚೌಕ. ಪ್ರತಿ ವಾರ್ಡಿನ ನರ್ಸಿಂಗ್ ಸ್ಟೇಷನ್ನಿಗೆ ನಾನೇ ಹೋಗಿ ಹಿರಿಯ ಸಿಸ್ಟರುಗಳಿಗೆ ವಿವರಿಸಿದೆ. ನನ್ನ ಗುಣಬಲಗಳನ್ನು ತಿಳಿಯಲು ಆಪ್ತಸಮಾಲೋಚಕಿ ತುಂಬಿಸಿದ್ದ ಪ್ರಶ್ನಾವಳಿಯಲ್ಲಿ, ಸೆಲಿಗ್‌ಮನ್ ಮತ್ತು ಕ್ರಿಸ್ಟೋಫರ್ ಪೀಟರ್ಸನ್ 2004ರಲ್ಲಿ ವಿಂಗಡಿಸಿದ 24 ಗುಣಗಳ ಪೈಕಿ ನ್ಯಾಯಬುದ್ಧಿ ನನಗೆ ಎಲ್ಲಕ್ಕಿಂತ ಮೇಲೆ ಬಂದಿತ್ತು. ಅದುವರೆಗೆ ಆ ನ್ಯಾಯಬುದ್ಧಿಯೇ ನನ್ನನ್ನು ಸುಡುತ್ತಿತ್ತು, ಏಕೆಂದರೆ ಕಿಟಕಿಯ ಆಚೆ ನಿಂತವರ ಸಿಟ್ಟು ನ್ಯಾಯವಾದದ್ದೆಂದು ನನಗೆ ಗೊತ್ತಿತ್ತು. ಈಗ ಅದನ್ನು ದಾಖಲಾತಿಯ ದಿನಕ್ಕೆ ತಂದೆ. ರೋಗಿ ಬಂದ ದಿನವೇ ಮನೆಯವರನ್ನು ಕೂರಿಸಿಕೊಂಡು, ಕೋಣೆಯ ಬಾಡಿಗೆಗೆ ಎಷ್ಟು ಮಿತಿ ಇದೆ, ಕೋ-ಪೇ ಎಂದರೆ ಕೈಯಿಂದ ಎಷ್ಟು ಕಟ್ಟಬೇಕಾಗುತ್ತದೆ, ಗ್ಲೌಸಿನಂಥ ಯಾವ ವಸ್ತುಗಳಿಗೆ ಹಣ ಬರುವುದಿಲ್ಲ, ಬಿಡುಗಡೆಯ ದಿನ ಮೂರು ಗಂಟೆ ಯಾವಾಗಿನಿಂದ ಲೆಕ್ಕ ಎಂಬುದನ್ನೆಲ್ಲ ಐದು ನಿಮಿಷ ಹೇಳತೊಡಗಿದೆ. ಕೊನೆಯ ದಿನ ಅದೇ ಮುಖಗಳು ಕಿಟಕಿಗೆ ಬಂದಾಗ ನನ್ನನ್ನು ಗುರುತಿಸುತ್ತಿದ್ದವು. "ಅವತ್ತೇ ಹೇಳಿದ್ರಲ್ಲಮ್ಮ" ಎಂದು ಒಬ್ಬ ಅಜ್ಜಿ ಪಕ್ಕದವರಿಗೆ ವಿವರಿಸಿದ್ದನ್ನು ಆ ಭಾನುವಾರ ಪುಸ್ತಕದಲ್ಲಿ ಬರೆದೆ.

ಇದೇ ಸಮಯದಲ್ಲಿ ಆಸ್ಪತ್ರೆಯಲ್ಲಿ ಒಂದು ಶನಿವಾರ ಸಕಾರಾತ್ಮಕತೆಯ ಕಾರ್ಯಾಗಾರ ನಡೆಯಿತು. ಹೊರಗಿನಿಂದ ಬಂದ ತರಬೇತುದಾರರು, ಒಂದು ಕೆಟ್ಟ ಭಾವನೆಗೆ ಮೂರು ಒಳ್ಳೆಯ ಭಾವನೆ ಇರುವಂತೆ ನೋಡಿಕೊಂಡರೆ ಒತ್ತಡ ತಟ್ಟುವುದೇ ಇಲ್ಲ ಎಂದು ಹೇಳಿ ಎಲ್ಲರಿಂದ ಪ್ರತಿಜ್ಞೆ ಮಾಡಿಸಿದರು. ನನಗೆ ಬಹಳ ನೋವಾಯಿತು. ಒಳ್ಳೆಯ ಭಾವನೆಗಳು ಯೋಚನೆಯ ವ್ಯಾಪ್ತಿಯನ್ನು ಹಿಗ್ಗಿಸುತ್ತವೆ, ಮುಂದಿನ ಕಷ್ಟಕ್ಕೆ ಬೇಕಾದ ಬಲವನ್ನು ಕೂಡಿಡುತ್ತವೆ ಎಂಬ ಮನೋವಿಜ್ಞಾನಿ ಬಾರ್ಬರಾ ಫ್ರೆಡ್ರಿಕ್ಸನ್ ಅವರ ಸಿದ್ಧಾಂತ ನನ್ನ ಅನುಭವಕ್ಕೂ ಬಂದಿತ್ತು. ಆದರೆ ಅವರ ಲೇಖನವೊಂದರಿಂದಲೇ ಬಂದ ಆ ಮೂರಕ್ಕೆ ಒಂದು ಎಂಬ ಅನುಪಾತದ ಹಿಂದಿನ ಗಣಿತಕ್ಕೆ ಬುಡವಿಲ್ಲವೆಂದು ನಿಕೋಲಸ್ ಬ್ರೌನ್, ಅಲನ್ ಸೋಕಲ್ ಮತ್ತು ಹ್ಯಾರಿಸ್ ಫ್ರೀಡ್‌ಮನ್ 2013ರಲ್ಲಿಯೇ ತೋರಿಸಿಕೊಟ್ಟಿದ್ದರು, ಲೇಖನದ ಆ ಭಾಗವನ್ನು ಹಿಂದಕ್ಕೆ ಪಡೆಯಲಾಗಿತ್ತು. ಅದಕ್ಕಿಂತ ನೋಯಿಸಿದ್ದು ಬೇರೆ. ಎರಡು ಹುದ್ದೆ ಖಾಲಿ ಇಟ್ಟುಕೊಂಡು, ಉಳಿದಿಬ್ಬರ ಭಾವನೆಗಳ ಲೆಕ್ಕ ಕೇಳುವುದು ಸರಿಯಲ್ಲ. ಕೆಲಸದ ಭಾರ ಹೆಚ್ಚಿದ್ದು, ಅದನ್ನು ಹೇಗೆ ಮಾಡಬೇಕೆಂಬ ಅಧಿಕಾರ ಕಡಿಮೆ ಇದ್ದಾಗ ಒತ್ತಡ ಅತಿಯಾಗುತ್ತದೆ ಎಂದು ರಾಬರ್ಟ್ ಕರಾಸೆಕ್ 1979ರಲ್ಲಿಯೇ ಬರೆದಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯೂ 2019ರಲ್ಲಿ ಬರ್ನ್‌ಔಟ್ ಎಂಬ ಬಳಲಿಕೆಯನ್ನು ಕಾಯಿಲೆಗಳ ಸಾಲಿಗೆ ಸೇರಿಸದೆ, ಸರಿಯಾಗಿ ನಿಭಾಯಿಸದ ಕೆಲಸದ ಒತ್ತಡದಿಂದ ಬರುವ ಔದ್ಯೋಗಿಕ ಸ್ಥಿತಿ ಎಂದು ಗುರುತಿಸಿತು. ನನ್ನ ತಾಳಿಕೆಯನ್ನು ನಾನು ಬೆಳೆಸಿಕೊಳ್ಳುತ್ತೇನೆ, ಮನಸಾರೆ ಬೆಳೆಸಿಕೊಳ್ಳುತ್ತೇನೆ. ಹಾಗೆಂದು ಕೆಲಸದ ಏರ್ಪಾಡಿನ ದೋಷವನ್ನು ನನ್ನ ಮನಸ್ಸಿನ ದೋಷವೆಂದು ಒಪ್ಪಿಕೊಳ್ಳಲಾರೆ.

ಡಿಸೆಂಬರ್ ಬಂದಾಗ ಆಪ್ತಸಮಾಲೋಚಕಿ ಕೊಟ್ಟ ಅಭ್ಯಾಸ ಸವಿಯುವುದು. ವಾರದಲ್ಲಿ ಒಮ್ಮೆ, ಯಾವುದಾದರೂ ಒಂದು ಕೆಲಸವನ್ನು ಬೇರೇನೂ ಮಾಡದೆ, ಫೋನು ದೂರವಿಟ್ಟು, ಪೂರ್ತಿ ಅದರಲ್ಲೇ ಇದ್ದು ಮಾಡಬೇಕು. ನಾನು ಅವರೆಕಾಳು ಹಿತುಕುವುದನ್ನು ಆರಿಸಿಕೊಂಡೆ. ಗಾಂಧಿಬಜಾರಿನಿಂದ ತಂದ ಕಾಯಿ ಸುಲಿದು, ಕಾಳನ್ನು ರಾತ್ರಿ ನೀರಿಗೆ ಹಾಕಿದರೆ ಬೆಳಿಗ್ಗೆ ಸಿಪ್ಪೆ ಸಡಿಲವಾಗಿರುತ್ತದೆ. ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಮೆಲ್ಲಗೆ ಒತ್ತಿದರೆ ಒಳಗಿನ ಬೇಳೆ ಪುಳಕ್ಕನೆ ಜಾರಿ ಪಾತ್ರೆಗೆ ಬೀಳುತ್ತದೆ. ಹೆಚ್ಚು ಒತ್ತಿದರೆ ಗೋಡೆಗೆ ಹಾರುತ್ತದೆ. ಅತ್ತೆಯವರೂ ನಾನೂ ಎದುರುಬದುರು ಕುಳಿತು, ಮಾತಿಲ್ಲದೆ, ಬೆರಳ ತುದಿ ಸುಕ್ಕುಗಟ್ಟಿ ಸೊಗಡು ಕೈಗೆ ಹತ್ತುವವರೆಗೆ ಹಿತುಕುತ್ತಿದ್ದೆವು. ಇಷ್ಟು ವರ್ಷ ಇದನ್ನು ಟಿವಿ ನೋಡುತ್ತಲೋ ಆಸ್ಪತ್ರೆಯ ಗ್ರೂಪಿಗೆ ಉತ್ತರಿಸುತ್ತಲೋ ಮಾಡಿದ್ದೆ. ಎರಡನೆಯ ಭಾನುವಾರ ಅತ್ತೆಯವರು ತಾವಾಗಿಯೇ ಮಾತು ತೆಗೆದು, ತಾವು ಬೀಡಿ ಕಾರ್ಖಾನೆಯಲ್ಲಿ ಎಲೆ ಎಣಿಸುತ್ತಿದ್ದ ದಿನಗಳಲ್ಲಿ ಮೇಸ್ತ್ರಿಯ ಹತ್ತಿರ ಕೂಲಿಯ ಲೆಕ್ಕ ಕೇಳಲು ಹೆಂಗಸರೆಲ್ಲ ಸೇರಿ ಹೋಗಿದ್ದನ್ನು ಹೇಳಿದರು. "ಒಬ್ಬಳೇ ಹೋದ್ರೆ ಅಳು ಬರತ್ತೆ. ಲೆಕ್ಕ ಬರ್ಕೊಂಡು ಹೋಗ್ಬೇಕು" ಎಂದರು. ಹದಿನೆಂಟು ವರ್ಷ ಒಂದೇ ಮನೆಯಲ್ಲಿದ್ದೂ ನನಗೆ ಆ ಕಥೆ ಗೊತ್ತಿರಲಿಲ್ಲ.

ಜನವರಿಯ ಮೊದಲ ವಾರ ನನ್ನ ಸಹೋದ್ಯೋಗಿಯನ್ನೂ ಇಬ್ಬರು ಹಿರಿಯ ಸಿಸ್ಟರುಗಳನ್ನೂ ಕರೆದುಕೊಂಡು, ಪುಸ್ತಕದ ಹಿಂಬದಿಯ ಲೆಕ್ಕದೊಂದಿಗೆ ಆಡಳಿತಾಧಿಕಾರಿಗಳ ಕೋಣೆಗೆ ಹೋದೆ. ಮೂರು ಕೋರಿಕೆ ಇಟ್ಟೆವು. ಮರುದಿನ ಬಿಡುಗಡೆಯಾಗಬಹುದಾದ ರೋಗಿಗಳ ಪಟ್ಟಿಯನ್ನು ವೈದ್ಯರು ಹಿಂದಿನ ಸಂಜೆ ಐದಕ್ಕೆ ಕೊಡಬೇಕು, ಆಗ ಸಮ್ಮರಿ ಮತ್ತು ಬಿಲ್ಲಿನ ಕೆಲಸ ರಾತ್ರಿಯೇ ಬಹುಪಾಲು ಮುಗಿಯುತ್ತದೆ. ವಾರ್ಡಿನ ಚೀಟಿಯನ್ನು ಕಡ್ಡಾಯ ಮಾಡಬೇಕು. ಖಾಲಿ ಇರುವ ಎರಡು ಹುದ್ದೆ ತುಂಬಬೇಕು. ಅವರು ಲೆಕ್ಕವನ್ನು ನಿಜಕ್ಕೂ ಓದಿದರು, ಪುಟ ತಿರುಗಿಸಿ ತಿರುಗಿಸಿ ಓದಿದರು. ಮೊದಲೆರಡಕ್ಕೆ ಅಲ್ಲೇ ಒಪ್ಪಿದರು. ಹುದ್ದೆಯ ಮಾತಿಗೆ ಬಜೆಟ್ ಬರಲಿ ನೋಡೋಣ ಎಂದರು. ಮಾರ್ಚಿನಲ್ಲಿ ಒಬ್ಬರು ಹೊಸಬರು ಬಂದರು, ಇನ್ನೊಂದು ಕುರ್ಚಿ ಇಂದಿಗೂ ಖಾಲಿಯೇ ಇದೆ.

ಮಾರ್ಚಿನ ಕೊನೆಯಲ್ಲಿ ಆ ಹತ್ತು ಪ್ರಶ್ನೆಗಳ ಹಾಳೆಯನ್ನು ಮತ್ತೆ ತುಂಬಿದೆ. 29 ಇದ್ದದ್ದು 18 ಆಗಿತ್ತು. ಇದರಲ್ಲಿ ಹಿಮೋಗ್ಲೋಬಿನ್ನಿನ ಪಾಲೆಷ್ಟು, ಪುಸ್ತಕದ ಪಾಲೆಷ್ಟು, ಸಂಜೆಯ ಪಟ್ಟಿಯ ಪಾಲೆಷ್ಟು ಎಂದು ಬೇರ್ಪಡಿಸಿ ಹೇಳಲು ಬರುವುದಿಲ್ಲ. ಹತೋಟಿಯ ಪ್ರಶ್ನೆಗೆ ಈ ಸಲ ಪೆನ್ನು ಹಿಡಿದು ಸ್ವಲ್ಪ ಹೊತ್ತು ಯೋಚಿಸಿ ಎರಡಕ್ಕೆ ಗುರುತು ಹಾಕಿದೆ. ಕೌಂಟರ್ ಗುದ್ದುವವರು ಈಗಲೂ ಬರುತ್ತಾರೆ. ಕಳೆದ ವಾರವೂ ಒಬ್ಬರು ಬಂದಿದ್ದರು. ಕೈ ನಡುಗಿತು, ಆದರೆ ನಾನು ಅವರ ಮುಖ ನೋಡಿಕೊಂಡೇ, ಮೊದಲು ರೋಗಿಗೆ ಊಟವಾಯಿತೇ ಎಂದು ಕೇಳಿದೆ. ಆಗಿರಲಿಲ್ಲ. ವಾರ್ಡಿಗೆ ಫೋನು ಮಾಡಿ ಊಟ ತರಿಸಿಕೊಟ್ಟ ಮೇಲೆ ಇಬ್ಬರೂ ಕುಳಿತು ಫೈಲು ನೋಡಿದೆವು.

ಸಂಜೆ ಐದರ ಪಟ್ಟಿ ಈಗ ವಾರದಲ್ಲಿ ಆರು ದಿನ ಬರುತ್ತದೆ. ಭಾನುವಾರ ಬರುವುದಿಲ್ಲ. ಸೋಮವಾರ ಮಧ್ಯಾಹ್ನ ನಮ್ಮ ಕಿಟಕಿಯಲ್ಲಿ ನೂಕುನುಗ್ಗಲು ಇನ್ನೂ ಇರುವುದಕ್ಕೆ ಅದೇ ಕಾರಣವೆಂದು ನಾಲ್ಕು ವಾರಗಳ ಲೆಕ್ಕ ಬರೆದಿಟ್ಟಿದ್ದೇನೆ. ಇನ್ನೆರಡು ವಾರದ್ದು ಸೇರಿದ ಮೇಲೆ ಮತ್ತೆ ಆ ಕೋಣೆಗೆ ಹೋಗಬೇಕು. ಹೊಸದಾಗಿ ಬಂದ ಹುಡುಗಿ ತಾನೂ ಜೊತೆಗೆ ಬರುತ್ತೇನೆಂದಿದ್ದಾಳೆ.